ಹೆಪ್ಪು ಹೊರಗಿನಿಂದ

ಚಂದ್ರನ ಮೇಲಿನ ನಮ್ಮೂರಿನಲ್ಲಿ ಅಡುಗೆಗೆ ಯಾರೂ ಸಾಮಾನು ಹುಡುಕುವುದಿಲ್ಲ. ಯಾವುದಕ್ಕೆ ಏನೇನು ಬೇಕೆಂದು ಕೋಡಿನಲ್ಲಿ ಟೈಪ್ ಸಮೇತ, ಅಂದರೆ ಯಾವ ಬಗೆಯದೆಂದೂ ಸೇರಿಸಿ, ಬರೆದಿಟ್ಟರೆ, ಕಂಟೇನರ್ ಎಂಬ ತಂತ್ರಾಂಶ ಎಲ್ಲವನ್ನೂ ತಾನೇ ಜೋಡಿಸಿ ಕೊಡುತ್ತದೆ. ಆ ಕೋಡು ಬರೆಯುವವಳು ನಾನೇ. ವಾರದ ಜ್ವರ ಬಿಟ್ಟ ಗಂಡ ಮೊಸರನ್ನ ಕೇಳಿದ ದಿನ ಮಾತ್ರ ಕಂಟೇನರ್ ಸುತ್ತಿ ಸುತ್ತಿ ನಿಂತುಬಿಟ್ಟಿತು: ಮೊಸರಿಗೆ ಹೆಪ್ಪು ಬೇಕು, ಹೆಪ್ಪಿಗೆ ಮೊಸರು ಬೇಕು.

"ಹೆಪ್ಪು ನೀನು ಮಾಡಬೇಡ, ನಾನು ಹೊರಗಿಂದ ತಂದ್ಕೊಡ್ತೀನಿ" ಎಂದು ಕೋಡಿನಲ್ಲಿ ಒಂದು ಸಾಲು ತಿದ್ದಿ, ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋದೆ. ಸುಭದ್ರಕ್ಕ ಭೂಮಿಯಿಂದ ತಂದ ಹೆಪ್ಪನ್ನು ಇನ್ನೂ ಉಳಿಸಿಕೊಂಡಿದ್ದಾರೆ.

"ಸಂಜೆ ಏಳಾಯ್ತಲ್ಲೇ! ಹೊತ್ತು ಮುಳುಗಿದ್ಮೇಲೆ ಹೆಪ್ಪು ಕೊಡಬಾರದು."

ನಾನು ಕಿಟಕಿಯಾಚೆ ಧಗಧಗಿಸುವ ಸೂರ್ಯನನ್ನು ತೋರಿಸಿದೆ.

"ಹೊತ್ತು ಮುಳುಗೋಕೆ ಇನ್ನೂ ಆರು ದಿನ ಇದೆ, ಅಕ್ಕಾ. ಕೊಡಿ."