ಕೋಟೆಯೊಳಗಿನ ಇಗರ್ಜಿ

ಸೆರೆಸಿಕ್ಕ ತನ್ನೂರಿನವರ ಮೇಲೆ ಗುಂಡು ಹಾರಿಸಲು ಒಪ್ಪದ ಸಿಪಾಯಿ ದುರುಗಪ್ಪ ಬಂದೂಕು ಬಿಸಾಡಿ ಓಡಿದ. ಅಷ್ಟರಲ್ಲಿ ಕೋಟೆಯ ಹೆಬ್ಬಾಗಿಲು ಮುಚ್ಚಿತ್ತು. ಹಗಲಲ್ಲಿ ಬೇರೆ ದಾರಿ ಕಾಣದೆ ಬಿಳಿಯರ ಇಗರ್ಜಿಗೆ ನುಗ್ಗಿ ಪೀಠದ ಹಿಂದೆ ಅಡಗಿದ. ಹಳೆಯ ಮದ್ದುಗುಂಡಿನ ಉಗ್ರಾಣವನ್ನೇ ಇಗರ್ಜಿ ಮಾಡಿದ್ದರಿಂದ ಅದಕ್ಕೆ ಕಿಟಕಿಗಳೇ ಇರಲಿಲ್ಲ.

ಮುದಿ ಪಾದ್ರಿ ಅವನನ್ನು ನೋಡಿಬಿಟ್ಟರು. ಅದೇ ಹೊತ್ತಿಗೆ ಕ್ಯಾಪ್ಟನ್ ಬಾಗಿಲಲ್ಲಿ ನಿಂತು ಕೇಳಿದ: "ಇಲ್ಲಿಗೆ ಯಾರಾದರೂ ಬಂದರೇ?"

"ಇಲ್ಲ," ಎಂದರು ಪಾದ್ರಿ.

ಬೂಟಿನ ಸದ್ದು ದೂರವಾಯಿತು. ಪಾದ್ರಿ ಬಾಗಿಲಿಗೆ ಅಗಳಿ ಹಾಕಿದರು. ದುರುಗಪ್ಪ ಪೀಠದ ಹಿಂದಿನಿಂದ ಎದ್ದು ನಿಂತ.

"ನನ್ನ ಹಿಡಿದು ಕೊಡ್ತೀರೇನ್ರೀ?"

"ಹೊರಗೆ ಹೋಗುವ ದಾರಿ ನಿನಗೆ ಗೊತ್ತೇ?"

ಹೇಳಿದರೆ ತನಗೆ ಗೊತ್ತಿದ್ದ ಒಂದೇ ದಾರಿಯೂ ಮುಚ್ಚಬಹುದು. ಆದರೂ ತನಗಾಗಿ ಸುಳ್ಳು ಹೇಳಿದ ಮುದುಕನಿಗೆ ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ.

"ಕತ್ತಲಾದ ಮ್ಯಾಲ ಕಂದಕದ ಮೋರಿಯೊಳಗ ತೆವಳಬೇಕ್ರೀ. ಸಿಕ್ಕರ ನೇಣ ಗತಿ."

ಪಾದ್ರಿ ತಮ್ಮ ನಿಲುವಂಗಿಯನ್ನು ಕಳಚಿ ಪೀಠದ ಮೇಲೆ ಮಡಿಸಿಟ್ಟರು.

"ನೇಣಿಗೇರುವವರ ಪಕ್ಕ ನಿಂತು ಪ್ರಾರ್ಥನೆ ಹೇಳುವುದು ಇನ್ನು ನನ್ನಿಂದಾಗದು. ನನ್ನನ್ನೂ ಕರೆದುಕೊಂಡು ಹೋಗಪ್ಪಾ."