ಬಾಗಿಲು ಹಾಕಿತ್ತು

ಅಂಥದೊಂದು ಮೂರನೆಯ ಮಹಡಿಯೇ ಇಲ್ಲದಿದ್ದರೆ? ಬೀದಿಯಲ್ಲಿ ನಿಂತು ಕಟ್ಟಡದ ಕಿಟಕಿಗಳನ್ನು ಎರಡನೆಯ ಸಲ ಎಣಿಸುತ್ತಾ ಇಂಟರ್ನೆಟ್ ಕಂಪನಿಯ ಲೈನ್‌ಮನ್ ಇದನ್ನೇ ಯೋಚಿಸುತ್ತಿದ್ದ. ಇಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು ಎಂದೂ ಅನಿಸಿತು.

ಅರ್ಜಿ ಸರಳವಾಗಿತ್ತು. ಹಲ್ಲಿನ ಲ್ಯಾಬ್, ಮೂರನೆಯ ಮಹಡಿ. ಈ ವಿಳಾಸಕ್ಕೆ ಯಾವ ಯಾವ ಬ್ರಾಡ್‌ಬ್ಯಾಂಡ್ ಸಿಗುತ್ತದೆಂದು ನೋಡಿ ತಿಳಿಸಬೇಕು: ಫೈಬರ್ ಬರುತ್ತದೋ, ಹಳೆಯ ಫೋನಿನ ತಂತಿಯೇ ಗತಿಯೋ, ಚಾವಣಿಗೆ ಆಂಟೆನಾ ಕೂರಿಸಬೇಕೋ. ಕಚೇರಿಯ ಕಂಪ್ಯೂಟರಿಗೆ ಗೊತ್ತಿರುವುದು ಬೀದಿಯವರೆಗೆ. ಅದರಾಚೆಯದು ಮೆಟ್ಟಿಲು ಹತ್ತಿದವನಿಗಷ್ಟೇ ಗೊತ್ತು. ಅರ್ಧ ಗಂಟೆಯ ಕೆಲಸ.

ಆದರೆ ಇದೇ ವಿಳಾಸದಿಂದ ಹಿಂದೆ ಐದು ಅರ್ಜಿಗಳು ಬಂದಿದ್ದವು. ಐದಕ್ಕೂ ಒಂದೇ ಷರಾ: ಬಾಗಿಲು ಹಾಕಿತ್ತು. ಆ ಷರಾ ಬಿದ್ದರೆ ಅರ್ಜಿ ಅಲ್ಲಿಗೆ ಮುಗಿಯಿತು. ಕಚೇರಿಯಲ್ಲಿ ಆ ಜಾಗಕ್ಕೆ ದೆವ್ವದ ಲ್ಯಾಬ್ ಎಂದೇ ಹೆಸರು ಬಿದ್ದಿತ್ತು. ಯಾವತ್ತೂ ಯಾರೂ ಇರದ ಕಡೆ ಇಂಟರ್ನೆಟ್ ಯಾರಿಗೆ ಬೇಕಪ್ಪಾ ಎಂದು ಉಳಿದವರು ನಗುತ್ತಿದ್ದರು. ಲೈನ್‌ಮನ್ ನಗುತ್ತಿರಲಿಲ್ಲ. ಆರನೆಯ ಅರ್ಜಿ ಬಂದ ಬೆಳಿಗ್ಗೆ, ಬೇರೆ ಯಾರಿಗಾದರೂ ಹಂಚುವ ಮೊದಲೇ, ಅದನ್ನು ಕೇಳಿ ಪಡೆದಿದ್ದ. ಈಗ ಹೊಸ ನಿಯಮವೂ ಬಂದಿತ್ತು. ಬಾಗಿಲು ಹಾಕಿದ್ದರೆ ಬಾಗಿಲಿನ ಫೋಟೋ ಸೇರಿಸಬೇಕು.

ಅರ್ಜಿಯಲ್ಲಿದ್ದ ನಂಬರಿಗೆ ಫೋನ್ ಮಾಡಿ ಅರ್ಜಿದಾರರನ್ನು ಕೇಳಿದಾಗ ಹೆಂಗಸಿನ ದನಿ ಬಂದಿತ್ತು.

"ಅವರಿಲ್ಲ. ಬನ್ನಿ, ಬಾಗಿಲು ಹಾಕಿರಲ್ಲ."

ಗುರುತಿನ ಚೀಟಿಯನ್ನು ಕೊರಳಿನಿಂದ ತೆಗೆದು ಜೇಬಿಗೆ ಸೇರಿಸಿದ. ಮೆಟ್ಟಿಲು ಹುಡುಕುವುದೇ ದೊಡ್ಡ ಪಾಡಾಯಿತು. ಎದುರಿನ ಗೇಟಿನಲ್ಲಿ ನುಗ್ಗಿ, ಸೈಕಲ್ಲುಗಳ ನಡುವೆ ಸಿಕ್ಕಿಕೊಂಡು, ವಾಪಸ್ ಬಂದು, ಕೆಳಗಿನ ದರ್ಜಿಯನ್ನು ಕೇಳಬೇಕಾಯಿತು. ದರ್ಜಿ ಗುಂಡುಸೂಜಿಗಳನ್ನು ಕಚ್ಚಿಕೊಂಡೇ ಪಕ್ಕದ ಸಂದಿಯತ್ತ ಗದ್ದ ತೋರಿಸಿದ.

ಲಿಫ್ಟ್ ಇರಲಿಲ್ಲ. ಎರಡನೆಯ ಮಹಡಿಯ ತಿರುವಿನಲ್ಲಿ ಅವನ ಕಾಲು ನಿಂತಿತು. ಗೋಡೆಯ ಮೇಲೆ ತಮ್ಮದೇ ಕಂಪನಿಯ ಫೈಬರ್ ಪೆಟ್ಟಿಗೆ. ಕಟ್ಟಡ ಕಟ್ಟುವಾಗ ಯಾರೋ ಗುತ್ತಿಗೆಯವರು ಕೂರಿಸಿ, ಕಂಪ್ಯೂಟರಿಗೆ ಏರಿಸದೆ ಹೋಗಿದ್ದಾರೆ. ಮುಚ್ಚಳದ ಮೇಲಿನ ದಿನಾಂಕ ಮೊದಲನೆಯ ಅರ್ಜಿಗಿಂತ ಹಳೆಯದು. ಇಲ್ಲಿಂದ ಮೇಲಕ್ಕೆ ಹದಿನೆಂಟು ಮೆಟ್ಟಿಲು. ಎಣಿಸುತ್ತಲೇ ಹತ್ತಿದ.

ಬಾಗಿಲು ಹಾಕಿರಲಿಲ್ಲ. ತೆರೆದೂ ಇರಲಿಲ್ಲ. ಅಲ್ಲಿ ಬಾಗಿಲೇ ಇರಲಿಲ್ಲ. ಚೌಕಟ್ಟಿನಲ್ಲಿ ಸ್ಕ್ರೂ ಕಿತ್ತ ತೂತುಗಳು, ಒಂದು ತೆಳು ಪರದೆ. ಹೊರಗೆ, ಮೆಟ್ಟಿಲಿನತ್ತ ಮುಖ ಮಾಡಿದ ಒಂದು ಖಾಲಿ ಕುರ್ಚಿ.

ಒಳಗೆ ಗೋಡೆಯುದ್ದಕ್ಕೂ ಪ್ಲಾಸ್ಟರಿನ ದವಡೆಗಳು, ನೂರಾರು, ಬಾಯಿ ತೆರೆದುಕೊಂಡು. ಬೆಳ್ಳಿಕೂದಲಿನ ಹೆಂಗಸೊಬ್ಬಳು ಒಂದು ಕೃತಕ ಹಲ್ಲನ್ನು ಉಜ್ಜುತ್ತಾ ಕುಳಿತಿದ್ದಳು.

"ಹೆದರಬೇಡಿ, ಇವು ಕಚ್ಚಲ್ಲ," ಎಂದಳು. "ಮಾತೂ ಆಡಲ್ಲ. ಇಷ್ಟೊಂದು ಬಾಯಿ ಇಟ್ಕೊಂಡು ಏನು ಪ್ರಯೋಜನ ಹೇಳಿ."

ಅವನು ಟ್ಯಾಬ್, ಅಳತೆಪಟ್ಟಿ ತೆಗೆದು ಗೋಡೆ ಅಳೆಯತೊಡಗಿದ. ಕೇಳದಿದ್ದರೂ ಆಕೆ ಹೇಳುತ್ತಾ ಹೋದಳು. ಈಗ ದಂತವೈದ್ಯರು ಬಾಯಿಯ ಅಚ್ಚು ಕಳಿಸುವುದಿಲ್ಲ. ಯಂತ್ರದಲ್ಲಿ ಚಿತ್ರ ತೆಗೆದು ಕಳಿಸುತ್ತಾರೆ. ಫೋನಿನ ನೆಟ್ಟಿಗೆ ಅದನ್ನು ಎಳೆಯುವ ತ್ರಾಣವಿಲ್ಲ. ಹೀಗಾಗುತ್ತದೆಂದು ಗಂಡನಿಗೆ ಮೊದಲೇ ತಿಳಿದಿತ್ತು, ಅದಕ್ಕೇ ಅರ್ಜಿಯ ಮೇಲೆ ಅರ್ಜಿ ಹಾಕಿದ. ಕಂಪನಿಯವರು ಬರುತ್ತೇವೆಂದ ದಿನ ಊಟಕ್ಕೂ ಏಳದೆ ಆ ಕುರ್ಚಿಯಲ್ಲಿ ಕೂತಿದ್ದೆ ಎನ್ನುತ್ತಿದ್ದ. ಸಂಜೆ ಮಾತ್ರ ಅದೇ ಸಂದೇಶ: ನಮ್ಮ ಸಿಬ್ಬಂದಿ ಬಂದಿದ್ದರು, ಬಾಗಿಲು ಹಾಕಿತ್ತು. ಹಗಲಿಡೀ ಆಕೆ ಕ್ಲಿನಿಕ್ಕುಗಳಿಗೆ ಹಲ್ಲು ತಲುಪಿಸುತ್ತಾ ಓಡಾಡುತ್ತಿದ್ದಳು. ಕಣ್ಣಾರೆ ಕಂಡವಳಲ್ಲ.

"ನಾಲ್ಕು ಸಲ ನಂಬಿದೆ. ಐದನೇ ಸಲ ಅಂದುಬಿಟ್ಟೆ, ಅವರೆಲ್ಲಾ ಸುಳ್ಳುಗಾರರು, ನೀವೊಬ್ಬರೇ ಸತ್ಯವಂತರು ಅಲ್ವಾ ಅಂತ."

ಮರುದಿನ ಗಂಡ ಬಾಗಿಲನ್ನೇ ಕಳಚಿದನಂತೆ. ಇನ್ನು ಹಾಕಿತ್ತು ಅಂತ ಹೇಗೆ ಬರೀತಾರೋ ನೋಡೋಣ ಎಂದು, ಅದನ್ನು ಒಬ್ಬನೇ ಬೆನ್ನ ಮೇಲೆ ಹೊತ್ತು ಇಳಿಯುವಾಗ, ಎರಡನೆಯ ಮಹಡಿಯ ತಿರುವಿನಲ್ಲಿ, ಆ ನಿಮ್ಮ ಪೆಟ್ಟಿಗೆಯ ಕೆಳಗೆ, ಎದೆ ಹಿಡಿದುಕೊಂಡು ಕೂತ. ಏಳಲಿಲ್ಲ.

ಲೈನ್‌ಮನ್ನನ ಅಳತೆಪಟ್ಟಿ ಸರಕ್ಕನೆ ಸುರುಳಿಯಾಯಿತು.

"ಈ ಸಲ ಅವರ ಹೆಸರಲ್ಲಿ ನಾನೇ ಅರ್ಜಿ ಹಾಕಿದ್ದು. ನೆಟ್ ಬರದಿದ್ರೂ ಪರವಾಗಿಲ್ಲಪ್ಪ," ಎಂದಳು ಆಕೆ. "ಒಂದು ಹೇಳಿ ಸಾಕು. ನಿಮ್ಮವರು ಬಂದಾಗ ನಮ್ಮನೆಯವರು ನಿಜವಾಗ್ಲೂ ಇಲ್ಲಿ ಇರಲಿಲ್ವಾ?"

ಅವನು ಟ್ಯಾಬನ್ನೇ ನೋಡಿದ. ಚೌಕಟ್ಟಿನ ಪರದೆ ಒಮ್ಮೆ ಒಳಕ್ಕೆ ಉಬ್ಬಿ, ಮತ್ತೆ ಇಳಿಯಿತು.

"ರೆಕಾರ್ಡಲ್ಲಿ ಹಾಗೇ ಇದೆ ಅಮ್ಮ."

"ಬರೆದವನು ಯಾರು ಅಂತ ಗೊತ್ತಾದ್ರೆ ಕೇಳಿ ನೋಡ್ತೀರಾ?"

"ಕೇಳಿ ನೋಡಿದ್ದೀನಿ. ಅವನು ಬಾಯಿ ಬಿಡಲ್ಲ."

ಆಕೆ ತಲೆಯಾಡಿಸಿದಳು. ಎದ್ದು ಹೊರಗೆ ಹೋದಳು. ಕುರ್ಚಿಯನ್ನು ಎತ್ತಿಕೊಂಡು ಬಂದು, ಒರೆಸಿ, ಮೂಲೆಯಲ್ಲಿ ಗೋಡೆಯತ್ತ ತಿರುಗಿಸಿ ಇಟ್ಟಳು. ಅದು ಅಲ್ಲಿ ಇನ್ನು ಬೇಕಿಲ್ಲ ಎಂಬಂತೆ.

ಫೈಬರ್, ಲಭ್ಯ. ತಂತಿ, ಲಭ್ಯ. ಆಂಟೆನಾ, ಅಗತ್ಯವಿಲ್ಲ. ನಾಳೆ ಹತ್ತು ಗಂಟೆಗೆ ತಾನೇ ಬಂದು ಜೋಡಿಸಿಕೊಡುವುದಾಗಿ ಹೇಳಿದ. ಸಹಿ ಮಾಡುತ್ತಾ ಆಕೆ, ಬಂದವರಲ್ಲಿ ನೀವೊಬ್ಬರೇ ಒಳ್ಳೆಯವರು ಎಂದಳು. ಹದಿನೆಂಟು ಮೆಟ್ಟಿಲು ಇಳಿದು, ಪೆಟ್ಟಿಗೆಯ ಕೆಳಗೆ ಅವನು ತುಸು ಹೊತ್ತು ನಿಂತ. ಮೇಲೆ ಪರದೆ ಸರಿಸಿಕೊಂಡು ಆಕೆ ಇನ್ನೂ ನೋಡುತ್ತಿದ್ದಳು. ಒಂದು ಮಾತು ಕೂಗಿದರೆ ಕೇಳಿಸುವಷ್ಟು ಹತ್ತಿರ.

ಆ ಐದು ಷರಾಗಳನ್ನೂ ಬರೆದವನು ತಾನೇ ಎಂದು, ಬರೆದ ಐದು ದಿನಗಳಲ್ಲಿ ಒಂದು ದಿನವೂ ಈ ಬೀದಿಗೇ ಬಂದಿರಲಿಲ್ಲವೆಂದು, ಅವನು ಹೇಳಲಿಲ್ಲ.