ಹೊಸ ಇಂಜಿನ್ನಿನ ಆರೈಕೆ

ಡೀಸೆಲ್ ವಾಸನೆ ಬಂದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಗಡಹಿಂಗ್ಲಜದ ನಮ್ಮ ಹೊಲಕ್ಕೆ ಹೊಳೆಯ ನೀರೆತ್ತಲು ಅಪ್ಪ ಕೊಲ್ಹಾಪುರದಿಂದ ಹೊಸ ಇಂಜಿನ್ ತಂದಿದ್ದ. ಜೋಡಿಸಿಕೊಟ್ಟ ಫಿಟ್ಟರ್ ಹೇಳಿದ್ದು ಸರಿಯಾದ ಮಾತೇ. ಹೊಸ ಇಂಜಿನ್ ಕೊಳ್ಳುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಮೊದಲ ತಿಂಗಳು ಪೂರ್ತಿ ಜೋರಿನಲ್ಲಿ ಓಡಿಸಬಾರದು, ನಡುನಡುವೆ ಆರಲು ಬಿಡಬೇಕು, ಡೀಸೆಲನ್ನು ಸೋಸಿಯೇ ಹಾಕಬೇಕು. ಅಪ್ಪ ಒಂದನ್ನೂ ತಪ್ಪಿಸಲಿಲ್ಲ. ಸೋಸಲಿಕ್ಕೆ ಹರಿದದ್ದು ಮಾತ್ರ ಕೂಸಿಗೆಂದು ಅವ್ವ ತೆಗೆದಿಟ್ಟಿದ್ದ ಮೆತ್ತನೆಯ ಹಳೆ ಸೀರೆ.

“ಸೀಮಿಎಣ್ಣಿ ಬೆರಸ್ರಿ, ಅಗ್ಗ ಆಗ್ತೈತಿ” ಎಂದ ನೆರೆಯವನಿಗೆ ಅಪ್ಪ, “ಹೊಸಾ ಜೀವ ಐತೋ ಮಾರಾಯಾ, ಕಲಬೆರಕಿ ಕುಡಸಂಗಿಲ್ಲ” ಎಂದಿದ್ದ.

ಫಿಟ್ಟರ್ ಆಯಿಲ್ ಬದಲಿಸಲು ಬಂದಿದ್ದ ಮಧ್ಯಾಹ್ನ, ಹೆತ್ತು ಎರಡು ವಾರವೂ ಆಗಿರದ ಅವ್ವ ಬುತ್ತಿ ಹೊತ್ತು ಬಂದಳು. ಬಾಣಂತನಕ್ಕೆ ಬಂದಿದ್ದ ಅವಳ ತಾಯಿ, ನಮ್ಮ ಆಯಿ, ಹಿಂದೆಯೇ ಕೂಸನ್ನೆತ್ತಿಕೊಂಡು ಬಂದಳು.

“ಬುತ್ತಿ ಇಟ್ಟು ಆ ಮೇವಿನ ಹೊರಿ ತಗೊಂಡ್ಹೋಗು” ಎಂದ ಅಪ್ಪ.

ಆಯಿ ಫಿಟ್ಟರನತ್ತ ತಿರುಗಿದಳು. “ಏನಪಾ, ಇದಕ್ಕ ಎಷ್ಟ ದಿನಾ ಹಗೂರ ಕೆಲಸಾ?”

“ಒಂದ್ ತಿಂಗಳರೀ, ಆಯಿ.”

“ಕೇಳಿದ್ರೇನ್ರಿ, ಅಳಿಯಂದ್ರ? ನನ್ನ ಮಗಳನ್ನೂ ಕೊಲ್ಹಾಪುರದಿಂದ ತಂದೀರಿ ಅಂತ ತಿಳ್ಕೋರಿ.”

ಫಿಟ್ಟರ್ ನಕ್ಕ, ಅಪ್ಪನ ಮುಖ ನೋಡಿ ಆಯಿಲ್ ಡಬ್ಬಿಯತ್ತ ಬಾಗಿದ. ಅಪ್ಪ ಓಡುತ್ತಿದ್ದ ಇಂಜಿನ್ನಿನ ಮೈ ಮುಟ್ಟಿ ನೋಡಿ, “ಬಿಸಿ ಆಗೇತಿ, ಒಂದೀಟ ಆರ್ಲಿ” ಎಂದು ಬಂದ್ ಮಾಡಿದ.

ಅಷ್ಟರಲ್ಲಿ ಅವ್ವ ಮೇವಿನ ಹೊರೆ ಹೊತ್ತು ಊರ ದಾರಿ ಹಿಡಿದಿದ್ದಳು.